ಎಣ್ಣಿ ಒರಸಿದ ಪೈಪು

ಗಬ್ಬೂರಿನ ಮೂಕಪ್ಪನ ಹಳೇ ಜೀಪಿಗೆ ಇಂಜಿನ್ ತಣಿಸುವ ನೀರಿನ ಹೊಸ ಪೈಪು ಎಲ್ಲೂ ಸಿಗುವುದಿಲ್ಲ. ಅದಕ್ಕೇ ದೇವದುರ್ಗದ ಮೆಕ್ಯಾನಿಕ್ ಮಹಮ್ಮದ್ ಹುಸೇನ್, ಗುಜರಿಗೆ ಹೋದ ಜೀಪೊಂದರಿಂದ ಎರಡು ರಬ್ಬರ್ ಪೈಪು ಬಿಚ್ಚಿ, ಬೇಕಾದಾಗ ಹಾಕಿಕೊಳ್ಳಲೆಂದು ತಂದುಕೊಟ್ಟಿದ್ದ. ಅವಕ್ಕೆ ಇಂಜಿನ್ ಎಣ್ಣೆ ಮೆತ್ತಿತ್ತು. "ಎಣ್ಣಿ ಒರಸಿ, ಸಾಬೂನು ನೀರಿನ್ಯಾಗ ತೊಳದು, ನೆರಳಿಗಿ ಇಡ್ರಿ ಯವ್ವಾ" ಎಂದು ಮೂಕಪ್ಪನ ಹೆಂಡತಿ ಬಸ್ಸಮ್ಮನಿಗೆ ಹೇಳಿ ಹೋಗಿದ್ದ.

ಎರಡು ತಿಂಗಳ ಮೇಲೆ ಆ ದಾರಿಯಲ್ಲಿ ಬಂದವನು ಅವರ ಮನೆಯಲ್ಲಿ ಚಹಾಕ್ಕೆ ಕೂತ. ಗೋಡೆಯ ಮಾಡದಲ್ಲಿ ಒಂದು ಪೈಪು ಫಳಫಳ ಹೊಳೆಯುತ್ತಿತ್ತು.

"ನೋಡ್ರಿ, ವಾರಕ್ಕೊಮ್ಮಿ ಒಳಗೂ ಹೊರಗೂ ಎಣ್ಣಿ ಹಚ್ಚಿ ಒರಸೀನಿ," ಎಂದಳು ಬಸ್ಸಮ್ಮ ಹೆಮ್ಮೆಯಿಂದ. "ಎತ್ತು ಕಟ್ಟೋ ಚರ್ಮದ ಮಿಣಿ ಹಗ್ಗಾನೂ ಹಿಂಗ ಕಾಯ್ತಿದ್ವಿ."

ಹುಸೇನ್ ಪೈಪು ಹಿಚುಕಿದ. ನಾದಿದ ಹಿಟ್ಟಿನಂತೆ ಉಬ್ಬಿ ಮೆತ್ತಗಾಗಿತ್ತು.

"ಯಾ ಅಲ್ಲಾ! ಮೆತ್ತಿದ ಎಣ್ಣಿ ಒರಸಿ ತೆಗೀರಿ ಅಂದಿದ್ದೆ ಯವ್ವಾ. ಎಣ್ಣಿಗಿ ರಬ್ಬರ್ ಕೆಡ್ತದ. ಇನ್ನೊಂದೆಲ್ಲಿ?"

"ಮುಂಜಾನಿ ಗಾಡಿಗಿ ಹಾಕ್ಯಾರ. ನಮ್ಮ ಮಗಳು ವಿಶಾಖಾಗ ಹೆರಿಗಿ ಬ್ಯಾನಿ ಸುರು ಆತು. ಅವರಪ್ಪ ರಾಯಚೂರು ದವಾಖಾನಿಗಿ ಕರಕೊಂಡು ಹೋಗ್ಯಾರ."

ಹುಸೇನ್ ಮೂಕಪ್ಪನಿಗೆ ಫೋನು ಹಚ್ಚಿದ. ಎತ್ತಿದವಳು ವಿಶಾಖಾ. ಏದುಸಿರು ಬಿಡುತ್ತಿದ್ದಳು.

"ಮಾಮಾ, ಗಾಡಿ ಅಡವ್ಯಾಗ ನಿಂತದ. ಬಾನೆಟ್ ತುಂಬಾ ಉಗಿ. ಅಪ್ಪ ನೀರು ಹಾಕಾಕ ರೇಡಿಯೇಟರ್ ಮುಚ್ಚಳ ತಿರುವಾಕತ್ತಾನ."

"ಬ್ಯಾಡನ್ನವ್ವಾ! ಮಾರಿಗಿ ಕುದಿನೀರು ಹಾರ್ತದ! ಬ್ಯಾಡನ್ನು!"

"ಯಪ್ಪಾ, ಬ್ಯಾಡ!" ಎಂದು ಅವಳು ಕೂಗಿದ್ದು ಕೇಳಿತು. ಅದರ ಮೇಲೆಯೇ ಬುಸ್ಸೆಂಬ ದೊಡ್ಡ ಸದ್ದು.

"ಏನಂತಾಳ್ರೀ ನನ್ನ ಮಗಳು?" ಎಂದು ಬಸ್ಸಮ್ಮ ಕೇಳುತ್ತಲೇ ಇದ್ದಳು.