ಲಾಭ, ಎರಡು, ಮೂರು

ಮಗಳು ಟೀಚರಾದರೆ ತಾಯಿಗೆ ಹೆಮ್ಮೆ ಅಂತಾರೆ. ತಾಯಿಗೇ ಟೀಚರಾಗಿ ಕೂತರೆ ಏನಾಗುತ್ತದೆ ಅಂತ ನನ್ನನ್ನು ಕೇಳಿ. ನನ್ನ ಮಗಳು ಮೇಘನಾ ಶಿಕಾರಿಪುರದಲ್ಲಿ ಮೊದಲ ಪಿಯುಸಿ ಓದುತ್ತಾಳೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎಂಬತ್ತಕ್ಕೆ ಎಪ್ಪತ್ತಾರು ತೆಗೆದವಳು. ಆ ಎಪ್ಪತ್ತಾರನ್ನು ದಿನಕ್ಕೆ ಎಪ್ಪತ್ತಾರು ಸಲ ಹೇಳುತ್ತಾಳೆ.

ನಾನು ಮಮತಾ. ಅಂಜನಾಪುರದ ಹತ್ತಿರ ನಮ್ಮೂರಿನ ಅಂಗನವಾಡಿಯಲ್ಲಿ ಹನ್ನೊಂದು ವರ್ಷದಿಂದ ಸಹಾಯಕಿ. ನನ್ನ ತವರು ಸೊರಬದ ಕಡೆ, ಜಡೆ. ಅಲ್ಲಿದ್ದಾಗ ಎಸ್ಸೆಸ್ಸೆಲ್ಸಿ ಬರೆದು, ಬಾಕಿ ಎಲ್ಲ ವಿಷಯ ಪಾಸು ಮಾಡಿ, ಗಣಿತದಲ್ಲಿ ದಬಕ್ಕನೆ ಬಿದ್ದೆ. ಇಪ್ಪತ್ತು ವರ್ಷವಾಯಿತು. ಅವತ್ತು ಮುಚ್ಚಿಟ್ಟ ಪುಸ್ತಕವನ್ನು ಈ ವರ್ಷ ಮತ್ತೆ ತೆಗೆದೆ.

ಕಾರಣ ಇದೆ. ನಮ್ಮ ವೀರಮ್ಮ ಟೀಚರ್ ಜೂನ್ ತಿಂಗಳಿಗೆ ನಿವೃತ್ತಿ. ನಾನು ಎಸ್ಸೆಸ್ಸೆಲ್ಸಿ ಪಾಸಾದರೆ ಆ ಜಾಗ ನನಗೆ, ಇಲ್ಲದಿದ್ದರೆ ಹೊರಗಿನಿಂದ ಇನ್ಯಾರೋ ಬರುತ್ತಾರೆ. ಆ ಮಕ್ಕಳ ಮೂಗು ಒರೆಸಿದವಳು ನಾನು, ಹಾಡು ಕಲಿಸಿದವಳು ನಾನು, ವೀರಮ್ಮನವರು ಮೀಟಿಂಗಿಗೆ ಹೋದಾಗಲೆಲ್ಲ ಪಾಠ ಮಾಡಿದವಳೂ ನಾನೇ. ನಾಳೆ ಯಾರೋ ಬಂದು ಆ ಕುರ್ಚಿಯಲ್ಲಿ ಕೂತು "ಮಮತಾ, ನೀರು ತಗಂಬಾ" ಅಂದರೆ ತಂದುಕೊಡಬೇಕಲ್ಲ, ಅದನ್ನು ನೆನೆಸಿಕೊಂಡರೇ ಮೈ ಉರಿಯುತ್ತಿತ್ತು.

ಮೇಘನಾ ಒಂದು ಖಾಲಿ ಮಿಠಾಯಿ ಡಬ್ಬಿ ತಂದಳು. ಅದರ ತುಂಬ ಪ್ರಶ್ನೆ ಬರೆದ ಚೀಟಿಗಳು. ತ್ರಿಭುಜ, ಸಂಭವನೀಯತೆ, ವರ್ಗಸಮೀಕರಣ, ಘನಫಲ, ಶ್ರೇಢಿ, ಎಲ್ಲವನ್ನೂ ಒಟ್ಟಿಗೆ ಸೇರಿಸಿ ಚಿತ್ರಾನ್ನ ಕಲಸಿದ ಹಾಗೆ ಕಲಸಿಟ್ಟಿದ್ದಳು.

"ಒಂದೊಂದ್ ಪಾಠ ಹಿಡ್ಕಂಡು ಕಲಿಸಾಕೆ ನಿಂಗೇನು ಕಷ್ಟ?" ಅಂದೆ.

"ಪಾಠ ಹಿಡಿದು ಮಾಡಿದ್ರೆ ಯಾವ ಸೂತ್ರ ಹಾಕ್ಬೇಕು ಅಂತ ಮೊದ್ಲೇ ಗೊತ್ತಿರ್ತತಿ ಅವ್ವ. ಪರೀಕ್ಷಿಯಾಗೆ ಯಾರ್ ಹೇಳ್ತಾರೆ? ಲೆಕ್ಕದ ಮುಖ ನೋಡಿ ಇದು ಯಾವ ಮನಿದು ಅಂತ ನೀನೇ ಗುರುತು ಹಿಡೀಬೇಕು."

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮೂಳಿ ಹೇಗೆ ಮಾತಾಡುತ್ತದೆ ನೋಡಿ! ಆದರೆ ಮಾತು ಸರಿಯಾಗಿಯೇ ಇತ್ತು. ನಾನೂ ಸುಮ್ಮನೆ ಒಪ್ಪಲಿಲ್ಲ, ಒಂದು ಕರಾರು ಹಾಕಿದೆ. ದಿನಕ್ಕೆ ಐದು ಚೀಟಿ. ಮೂರು ಸರಿಯಾದರೆ ಮರುದಿನ ಕುರಿ ದೊಡ್ಡಿ ಗುಡಿಸುವುದು ಅವಳು, ತಪ್ಪಾದರೆ ನಾನು. ನಮ್ಮ ಮನೆಯಲ್ಲಿ ಕುರಿಗಳು ನಲವತ್ತರ ಮೇಲಿವೆ. ಅವುಗಳ ಹಿಕ್ಕೆ ಗುಡಿಸಿದವರಿಗೇ ಗೊತ್ತು ಆ ಕರಾರಿನ ತೂಕ.

ಸಂಜೆ ಅವಳ ಬಸ್ಸು ಬಂದ ಮೇಲೆ ಜಗುಲಿಯಲ್ಲಿ ನಮ್ಮ ಶಾಲೆ. ಅತ್ತೆ ಹೂವಮ್ಮ ಅಲ್ಲೇ ಕಂಬಕ್ಕೆ ಒರಗಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ನಮ್ಮನ್ನು ನೋಡುತ್ತಿದ್ದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಹೆಬ್ಬೆಟ್ಟು. ಬಾಯಿ ಮಾತ್ರ ಎಂ.ಎ.

"ಹತ್ತು ಮೀಟರ್ ಏಣಿ. ಅದರ ಬುಡ ಗೋಡಿಯಿಂದ ಆರು ಮೀಟರ್ ದೂರದಾಗೈತಿ. ಗೋಡಿ ಮ್ಯಾಲೆ ಎಷ್ಟು ಎತ್ತರಕ್ಕೆ ಮುಟ್ತತಿ?"

"ಎಂಟು," ಅಂದೆ. ನೂರರಲ್ಲಿ ಮೂವತ್ತಾರು ಹೋದರೆ ಅರವತ್ತನಾಲ್ಕು, ಎಂಟೆಂಟ್ಲೆ.

"ಆರು ಮೀಟರ್ ದೂರ ಇಟ್ಟು ಏಣಿ ಹತ್ತಿದ್ರೆ ಜಾರಿ ಸೊಂಟ ಮುರೀತತಿ," ಅಂದರು ಅತ್ತೆ. "ಹತ್ತಾವನಿಗೆ ಬುದ್ಧಿ ಬ್ಯಾಡ್ವಾ?"

ಮುಂದಿನ ಚೀಟಿ. ಚೀಲದಲ್ಲಿ ಮೂರು ಕೆಂಪು ಚೆಂಡು, ಐದು ಕಪ್ಪು. ನೋಡದೆ ತೆಗೆದರೆ ಕೆಂಪು ಬರುವ ಸಂಭವನೀಯತೆ ಎಷ್ಟು? ಚೆಂಡಿನ ಬದಲು ಕುರಿ ಅಂದುಕೊಂಡೆ, ಎಂಟು ಕುರಿಯಲ್ಲಿ ಮೂರು ಕೆಂಚು. ಎಂಟರಲ್ಲಿ ಮೂರು ಅಂದೆ, ಅದೂ ಸರಿ. ಸಿಲಿಂಡರಿನ ಲೆಕ್ಕಕ್ಕೆ ಶಂಕುವಿನ ಸೂತ್ರ ಹಾಕಿ ನೀರಿನ ಟ್ಯಾಂಕಿನಲ್ಲಿ ಮೂರರಲ್ಲಿ ಎರಡು ಪಾಲು ನೀರು ಮಾಯ ಮಾಡಿದೆ. ಮೇಘನಾ ಹಣೆ ಚಚ್ಚಿಕೊಂಡಳು.

ಹೀಗೆ ಒಂದು ದಿನ ಅವಳು ಗುಡಿಸಿದರೆ ಒಂದು ದಿನ ನಾನು. ಏನೇ ಆಗಲಿ, ಒಂದು ತಿಂಗಳಲ್ಲಿ ಲೆಕ್ಕದ ಮುಖ ನೋಡಿ ಅದು ಯಾವ ಮನೆಯದು ಅಂತ ಗುರುತು ಹತ್ತತೊಡಗಿತು. ಒಂದೇ ಒಂದು ಮನೆಯ ಹೊಸ್ತಿಲಲ್ಲಿ ಮಾತ್ರ ಪ್ರತಿ ಸಲ ಎಡವುತ್ತಿದ್ದೆ, ಸಮಾಂತರ ಶ್ರೇಢಿ. ಇಪ್ಪತ್ತು ವರ್ಷದ ಹಿಂದೆ ನನ್ನನ್ನು ಕೆಡವಿದ್ದೂ ಅದೇ ಪೀಡೆ.

"ಮೊದಲ ಪದ ಮೂರು. ಸಾಮಾನ್ಯ ವ್ಯತ್ಯಾಸ ನಾಕು. ಹತ್ತನೇ ಪದ ಎಷ್ಟು?"

"ಹತ್ತ್ ನಾಕ್ಲೆ ನಲವತ್ತು. ಮೂರು ಕೂಡಿದ್ರೆ ನಲವತ್ಮೂರು."

"ಮೂವತ್ತೊಂಬತ್ತು! ಎಷ್ಟ್ ಸಲ ಹೇಳ್ಬೇಕು ಅವ್ವ? ಹತ್ತರಾಗೆ ಒಂದ್ ಕಳೀಬೇಕು. ಒಂಬತ್ತ್ ನಾಕ್ಲೆ!"

"ಯಾಕ್ ಕಳೀಬೇಕು? ಹತ್ತನೇದು ಕೇಳಿದಾರೆ, ಹತ್ತು ಸಲ ಕೂಡಬೇಕು. ಯಾವನೋ ಬಂದು ಒಂದು ಕಳಿ ಅಂದ್ರೆ ನಾ ಕಳೀಬೇಕಾ?"

"ಸೂತ್ರದಾಗೈತಿ, ಕಳಿ!"

"ಸೂತ್ರ ಏನು ನಿಮ್ಮಪ್ಪ ಬರೆದಿದ್ನಾ?"

ಅವಳ ಅಪ್ಪ, ಅಂದರೆ ನಮ್ಮ ಮನೆಯವರು ಗಿರೀಶ, ಆಗಷ್ಟೇ ಕುರಿ ಹೊಡೆದುಕೊಂಡು ಬಂದವರು ಬಾಗಿಲಲ್ಲೇ ನಿಂತು, "ನಾನಂತೂ ಬರ್ದಿಲ್ಲಪ್ಪಾ" ಅಂದು ಹಿಂದಕ್ಕೆ ಸರಿದರು.

ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಯಾಕೆ ಅಂತ ತಿಳಿಯದೆ ಕೈ ಮುಂದೆ ಹೋಗುವುದಿಲ್ಲ, ನನ್ನ ಸ್ವಭಾವವೇ ಹಾಗೆ. ಸಿಟ್ಟಿನಲ್ಲಿ ಮೇಘನಾ ಡಬ್ಬಿ ಮುಚ್ಚಿ ಎದ್ದಳು. "ನಂಗೂ ಯಾಕೆ ಅಂತ ಗೊತ್ತಿಲ್ಲ, ಏನಿವಾಗ?" ಅಂದುಬಿಟ್ಟಳು. ಎಪ್ಪತ್ತಾರು ಮಾರ್ಕ್ಸಿನ ಬಾಯಲ್ಲಿ ಆ ಮಾತು ಕೇಳಿ ನನಗೆ ಒಂದು ಕ್ಷಣ ಸಂತೋಷವೇ ಆಯಿತು. ಆಮೇಲೆ ಹೆದರಿಕೆಯಾಯಿತು, ಪರೀಕ್ಷೆಗೆ ಹನ್ನೆರಡೇ ದಿನ ಉಳಿದಿತ್ತು.

ಮರುದಿನ ಭಾನುವಾರ ಬೆಳಿಗ್ಗೆ ಅತ್ತೆ ಗಿರಣಿಗೆ ಕಳಿಸಲು ಹತ್ತು ಸೇರು ರಾಗಿ ಅಳೆದು ಕೊಡಲು ಹೇಳಿದರು. ನಾನು ಮೊರಕ್ಕೆ ಸುರಿದುಕೊಂಡು ಸೇರು ಹಿಡಿದೆ. ತಲೆಯಲ್ಲಿ ಆ ಹಾಳು ಶ್ರೇಢಿಯೇ ತಿರುಗುತ್ತಿತ್ತು.

"ಒಂದು," ಅಂದು ಮೊದಲ ಸೇರು ಚೀಲಕ್ಕೆ ಸುರಿದೆ.

ಅತ್ತೆ ನನ್ನ ಕೈ ಹಿಡಿದರು. "ಏನವ್ವಾ ಇದು? ಓದಿ ಓದಿ ರೀತಿನೂ ಮರ್ತ್ಯಾ? ಮೊದಲ್ನೇದಕ್ಕೆ ಏನಂತಾರೆ?"

ಮರೆತೇ ಹೋಗಿತ್ತು. ಕಾಳು ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಲಾಭ, ಎರಡು, ಮೂರು, ಹೀಗೆ ಹತ್ತರವರೆಗೆ. ನನ್ನ ತವರಿನಲ್ಲೂ ಅಷ್ಟೇ.

"ಅದ್ಯಾಕೆ ಅತ್ತೆ ಹಂಗಂತಾರೆ?" ಅಂದೆ. ಬೆಳಿಗ್ಗೆ ಬೆಳಿಗ್ಗೆ ನನ್ನ ಯಾಕೆ ಶುರುವಾಗಿತ್ತು.

"ಮೊದಲ್ನೇದು ದೇವರು ಕೊಟ್ಟಿದ್ದು ಕಣವ್ವ. ಅದು ಮನ್ಯಾಗೆ ಇದ್ದೇ ಐತಿ ಅಂತ ಲೆಕ್ಕ. ನಾವು ಮ್ಯಾಲೆ ಕೂಡಾಕೆ ಶುರು ಮಾಡಾದು ಎರಡನೇದ್ರಿಂದ."

ನನ್ನ ಕೈಯಲ್ಲಿದ್ದ ಸೇರು ಹಾಗೇ ನಿಂತಿತು. ಕೂಡಲು ಶುರು ಮಾಡುವುದು ಎರಡನೆಯದರಿಂದ! ಮೊದಲ ಪದ ಮೂರು, ಅದು ಲಾಭ, ಮನೆಯಲ್ಲಿ ಇದ್ದೇ ಇದೆ, ಅದಕ್ಕೆ ಯಾರೂ ನಾಲ್ಕು ಕೂಡಿಲ್ಲ. ಎರಡು ಅಂದಾಗ ಮೊದಲ ಸಲ ನಾಲ್ಕು ಕೂಡಿದೆ, ಏಳಾಯಿತು. ಮೂರು ಅಂದಾಗ ಮತ್ತೆ ನಾಲ್ಕು, ಹನ್ನೊಂದು. ಹೀಗೆ ಹತ್ತು ಅನ್ನುವಷ್ಟರಲ್ಲಿ ಎಷ್ಟು ಸಲ ಕೂಡಿರುತ್ತೇನೆ? ಬೆರಳು ಮಡಚಿದೆ. ಒಂಬತ್ತು.

"ಮೇಘನಾ! ಏ ಮೇಘನಾ! ಮೂವತ್ತೊಂಬತ್ತು ಕಣೇ! ಬಾರೇ ಇಲ್ಲಿ!"

ಹಲ್ಲುಜ್ಜುತ್ತಿದ್ದವಳು ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದಳು. ನಾನು ರಾಗಿ ಸುರಿದು ಸುರಿದು ತೋರಿಸಿದೆ. ಅವಳು ಕಣ್ಣು ಬಿಟ್ಟುಕೊಂಡು ನೋಡಿದಳು, ಬಾಯಿಯ ನೊರೆ ಉಗಿದು ಬಂದು ಮತ್ತೆ ನೋಡಿದಳು.

"ಇದನ್ನ ನಮ್ಮ ಸರ್ ಹೇಳೇ ಇರ್ಲಿಲ್ಲ," ಅಂದಳು.

"ನಿಮ್ಮ ಸರ್ ರಾಗಿ ಅಳ್ದಿಲ್ಲ ಬಿಡು," ಅಂದರು ಅತ್ತೆ. "ಈಗ ಗಿರಣಿ ಮುಚ್ಚಾದ್ರೊಳಗೆ ಚೀಲ ಕಟ್ರಿ."

ಅವತ್ತಿನಿಂದ ಆ ಡಬ್ಬಿಯಿಂದ ಯಾವ ಶ್ರೇಢಿ ಬಂದರೂ ನಾನು ಗಟ್ಟಿಯಾಗಿ ಲಾಭ, ಎರಡು, ಮೂರು ಅನ್ನುತ್ತಾ ಬಿಡಿಸುತ್ತಿದ್ದೆ. ಹನ್ನೊಂದು ದಿನದಲ್ಲಿ ಎಂಟು ದಿನ ಮೇಘನಾಳೇ ದೊಡ್ಡಿ ಗುಡಿಸಿದಳು. ಕುರಿಗಳಿಗೂ ಅವಳ ಅಭ್ಯಾಸವಾಗಿಹೋಯಿತು.

ಪರೀಕ್ಷೆ ಶಿಕಾರಿಪುರದಲ್ಲಿ. ನನ್ನ ಅಕ್ಕಪಕ್ಕ ಮೀಸೆ ಚಿಗುರದ ಹುಡುಗರು. ಒಬ್ಬ ನನ್ನನ್ನು ಮೇಲ್ವಿಚಾರಕಿ ಅಂದುಕೊಂಡು ಎದ್ದು ನಮಸ್ಕಾರ ಮಾಡಿದ. ಕೂತ್ಕೋ ಮಗಾ, ನಾನೂ ನಿನ್ನ ಹಾಗೇ ಅಂದೆ. ಪ್ರಶ್ನೆಪತ್ರಿಕೆ ತೆರೆದರೆ ಎಲ್ಲ ಕಲಸಿದ ಚಿತ್ರಾನ್ನ. ಆದರೆ ಹೆಚ್ಚು ಕಡಿಮೆ ಎಲ್ಲ ಮುಖಗಳೂ ಪರಿಚಯದವೇ. ಮೂರು ಅಂಕದ ಒಂದು ಪ್ರಶ್ನೆ ಹೀಗಿತ್ತು: ಸಭಾಂಗಣದ ಮೊದಲ ಸಾಲಿನಲ್ಲಿ ಹದಿನೈದು ಕುರ್ಚಿ, ಮುಂದಿನ ಪ್ರತಿ ಸಾಲಿನಲ್ಲಿ ಎರಡೆರಡು ಹೆಚ್ಚು. ಹನ್ನೆರಡನೇ ಸಾಲಿನಲ್ಲಿ ಎಷ್ಟು, ಒಟ್ಟು ಎಷ್ಟು? ನನಗೆ ನಗು ಬಂತು. ಮೂವತ್ತೇಳು, ಒಟ್ಟು ಮುನ್ನೂರ ಹನ್ನೆರಡು. ಬರೆದು ಕೆಳಗೆ ಗೆರೆ ಎಳೆದೆ.

ಬೈಕಿನಲ್ಲಿ ವಾಪಸು ಬರುವಾಗ ಅಂಜನಾಪುರದ ಕೆರೆಯ ಗಾಳಿ ಮುಖಕ್ಕೆ ಬಡಿಯಿತು ನೋಡಿ, ಆಗ ನೆನಪಾಯಿತು.

"ನಿಲ್ಸ್ರೀ!" ಅಂದೆ.

"ಏನಾತು?" ಅಂದರು ಇವರು.

ಆ ಲೆಕ್ಕಕ್ಕೆ ನಾನು ಮೊದಲು ಒಂದು ಪಟ್ಟಿ ಹಾಕಿದ್ದೆ. ಎಡಕ್ಕೆ ಸಾಲಿನ ಸಂಖ್ಯೆ, ಬಲಕ್ಕೆ ಕುರ್ಚಿ. ಎಡಗಡೆಯಲ್ಲಿ ಬರೆದದ್ದು 1, 2, 3 ಅಲ್ಲ. ಲಾಭ, 2, 3. ಸರ್ಕಾರಿ ಉತ್ತರಪತ್ರಿಕೆಯ ಮೇಲೆ, ನೀಲಿ ಮಸಿಯಲ್ಲಿ, ಲಾಭ!

ಮನೆಗೆ ಬಂದು ಹೇಳಿದಾಗ ಮೇಘನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಪತ್ರಿಕೆಗಳು ಬೇರೆ ಜಿಲ್ಲೆಗೆ ಹೋಗುತ್ತವೆ, ತಿದ್ದುವವರಿಗೆ ಅದು ಏನು ಅಂತ ತಿಳಿಯುತ್ತದೋ ಇಲ್ಲವೋ ಅಂದಳು. ಅವಳ ಮುಂದೆ ಉಳಿದ ಉತ್ತರಗಳನ್ನೆಲ್ಲ ಒಪ್ಪಿಸಿದೆ. ಕೂಡಿ ಕಳೆದು ನೋಡಿದರೆ ಈ ಮೂರು ಅಂಕ ಬಂದರೆ ಪಾಸು, ಬರದಿದ್ದರೆ ಇಲ್ಲ ಅನ್ನುವ ಹಾಗಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅತ್ತೆಯ ಮೇಲೂ ಸಿಟ್ಟು ಬಂತು, ಆಮೇಲೆ ಹಾಗೆ ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಮರುದಿನದಿಂದ ಅತ್ತೆ ರಾಗಿ ಅಳೆಯುವಾಗ ಮೊದಲ ಸೇರನ್ನು ಬಾಯಿ ಬಿಡದೆ ಸುರಿದು, ಎರಡರಿಂದ ಎಣಿಸತೊಡಗಿದರು.

ಫಲಿತಾಂಶ ಮೇ ತಿಂಗಳಲ್ಲಿ ಬಂತು. ಮೇಘನಾ ಫೋನು ಹಿಡಿದು ನಂಬರು ಒತ್ತಿದಳು, ನಾನು ಕಣ್ಣು ಮುಚ್ಚಿಕೊಂಡೆ.

"ಅವ್ವಾ, ಪಾಸ್! ಬೇಕಾಗಿದ್ದಕ್ಕಿಂತ ಎರಡು ಹೆಚ್ಚು ಬಂದಾವು!"

ಎರಡು ಹೆಚ್ಚು ಅಂದರೆ ಆ ಮೂರು ಸಿಕ್ಕಿರಲೇಬೇಕು. ನಾನು ಅಲ್ಲೇ ಕೂತು ಅತ್ತು ಅತ್ತು ಸೆರಗೆಲ್ಲ ಒದ್ದೆ ಮಾಡಿಕೊಂಡೆ. ವೀರಮ್ಮ ಟೀಚರ್ ಓಡಿಬಂದು, ತಮ್ಮ ಕುರ್ಚಿಯ ಒಂದು ಕಾಲು ಅಲ್ಲಾಡುತ್ತದೆ, ಮೊದಲೇ ಹೇಳಿರುತ್ತೇನೆ ಅಂದರು.

ಮೇಘನಾಳಿಗೆ ಮಾತ್ರ ಸಮಾಧಾನವಿಲ್ಲ. ನೋಡಲೇಬೇಕು ಅಂತ ಹಟ ಹಿಡಿದು ಅರ್ಜಿ ಹಾಕಿ ನನ್ನ ಉತ್ತರಪತ್ರಿಕೆಯ ಪ್ರತಿ ತರಿಸಿದಳು. ಜಗುಲಿಯಲ್ಲಿ ಹರಡಿಕೊಂಡು ಕೂತೆವು. ಇತ್ತು, ನನ್ನ ಕೋಳಿಕಾಲಿನ ಅಕ್ಷರದಲ್ಲಿ, ಲಾಭ. ಅದರ ಸುತ್ತ ಕೆಂಪು ಮಸಿಯ ಒಂದು ವೃತ್ತ. ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿ, ಆಮೇಲೆ ಅದನ್ನು ಹೊಡೆದು ಹಾಕಿದ್ದರು. ಅಂಚಿನಲ್ಲಿ ಮೂರಕ್ಕೆ ಮೂರು. ಆ ಪುಣ್ಯಾತ್ಮರು ಯಾರೋ, ಅವರ ಮನೆಯಲ್ಲೂ ಸೇರು ಹಿಡಿದ ಒಬ್ಬರು ಹೂವಮ್ಮ ಇದ್ದಿರಬೇಕು.

ಅತ್ತೆ ಹುಣಸೆಹಣ್ಣಿನ ಬುಟ್ಟಿ ಪಕ್ಕಕ್ಕಿಟ್ಟು ನಿಧಾನವಾಗಿ ಹತ್ತಿರ ಸರಿದರು. "ಇದ್ರಾಗೆ ನಂದು ಎಲ್ಲೈತಿ?" ಅಂದರು.

ನಾನು ಅವರ ಬೆರಳು ಹಿಡಿದು ಆ ಅಕ್ಷರಗಳ ಮೇಲೆ ಇಟ್ಟೆ.

"ಇಷ್ಟು ಸಣ್ಣಕ್ಕೆ ಬರ್ದೀಯಲ್ಲ! ಇನ್ನೊಂದೀಟು ದೊಡ್ಡಕ್ಕೆ ಬರ್ದಿದ್ರೆ ನಿನ್ನ ಗಂಟೇನ್ ಹೋಗ್ತಿತ್ತು?" ಅಂದರು. ಬೆರಳು ಮಾತ್ರ ತೆಗೆಯಲಿಲ್ಲ. ಯಾರಾದರೂ ಕೇಳಿಸಿಕೊಂಡಾರು ಅನ್ನುವ ಹಾಗೆ ಅತ್ತಿತ್ತ ನೋಡಿ, "ಅದನ್ನ ಹೆಂಗ್ ಬರೀತಾರೆ, ನಂಗೊಂದ್ಸಲ ತೋರ್ಸವ್ವ," ಅಂದರು.

ಅಂಗನವಾಡಿಯ ಕುರ್ಚಿಗೆ ಇನ್ನೂ ಒಂದು ತಿಂಗಳಿತ್ತು. ನನ್ನ ಮೊದಲ ವಿದ್ಯಾರ್ಥಿ ಮನೆಯಲ್ಲೇ ಸಿಕ್ಕಿದರು. ಮೇಘನಾಳ ಕೈಯಿಂದ ಪೆನ್ನು ಕಿತ್ತುಕೊಂಡು ಅತ್ತೆಯ ಕೈಗೆ ಕೊಟ್ಟೆ.

"ನೆಟ್ಟಗೆ ಕೂತ್ಕಳ್ರಿ ಅತ್ತೆ," ಅಂದೆ. "ತಪ್ಪಿದ್ರೆ ನಾಳೆ ದೊಡ್ಡಿ ಗುಡಿಸಾದು ನೀವು."