ಗುತ್ತೆವ್ವ ಬಿಟ್ಟುಹೋದ ಕಂಬಳಿ

ನಾನೊಂದು ಕರಿ ಕಂಬಳಿ. ರಾಣೆಬೆನ್ನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಹತ್ತಾರು ಕುರಿಗಳ ಬೆನ್ನಿನ ಮೇಲೆ ಹುಟ್ಟಿದೆ. ಹಾಗಾಗಿ ನನಗೆ ತಾಯಂದಿರು ಬಹಳ. ಕತ್ತರಿಸಿದ ಉಣ್ಣೆಯನ್ನು ಒಬ್ಬ ಮುದುಕಿ ಹಿಂಜಿ ನೂತಳು. ಅವಳ ಮಗ ಗುಂಡಿಯೊಳಗೆ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕುಳಿತು ಆರು ದಿನ ನೇಯ್ದ. ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಹರಡಿದಾಗ ಮೈಯೆಲ್ಲ ಬಿಗಿಯಿತು. ಆ ಬಿಸಿಲಿನ ನೆನಪು ಈಗಲೂ ನನ್ನ ಎಳೆಗಳಲ್ಲಿದೆ.

ಮೊದಲು ನನ್ನನ್ನು ಹೊದ್ದವನು ಕುರಿ ಕಾಯುವ ಹಾಲಪ್ಪ. ಮೂರು ಮಳೆಗಾಲ ಅವನ ತಲೆಯ ಮೇಲೆ ಕೊಪ್ಪೆಯಾಗಿ ಮಳೆ ತಡೆದೆ. ಮಗಳು ಗುತ್ತೆವ್ವನ ಮದುವೆಯಾದಾಗ ಅವನು ನನ್ನನ್ನು ಅವಳ ಹೆಗಲಿಗೆ ಹಾಕಿದ. ಗುತ್ತೆವ್ವನ ಗಂಡ ಮೈಲಾರಪ್ಪ ಒಳ್ಳೆಯ ಅಡುಗೆಯವನು. ಊರಿನ ಖಾನಾವಳಿಯಿಂದ ಕಾರವಾರಕ್ಕೆ ಹೋದ. ಕಾರವಾರದಿಂದ ಸರಕಿನ ಹಡಗು ಹತ್ತಿದ. ವರ್ಷಕ್ಕೊಮ್ಮೆ ಬರುತ್ತಿದ್ದ, ಬಂದಾಗ ನನ್ನ ಮೇಲೇ ಮಲಗುತ್ತಿದ್ದ. ಅವನ ಮೈಯಿಂದ ಉಪ್ಪಿನ ವಾಸನೆ ಬರುತ್ತಿತ್ತು.

ಒಂದು ಚಳಿಗಾಲ ಅವನ ಬದಲು ಹಡಗಿನ ಏಜೆಂಟು ಬಂದ.

"ನಿಮ್ಮ ಯಜಮಾನರಿಗೆ ಲಕ್ವ ಹೊಡೆದಿದೆಯಮ್ಮ. ಹಡಗಿನವರು ತುರ್ಕಿ ದೇಶದ ಒಂದು ಬಂದರಿನ ಆಸ್ಪತ್ರೆಗೆ ಸೇರಿಸಿ ಮುಂದೆ ಹೋಗಿದ್ದಾರೆ. ಮನೆಯವರು ಒಬ್ಬರು ಬರಬಹುದು. ಯಾರು ಬರುತ್ತೀರಿ?"

"ನಾನ ಹೋಗ್ತೀನ್ರಿ," ಎಂದಳು ಗುತ್ತೆವ್ವ. ಅಲ್ಲಿಯವರೆಗೆ ಅವಳು ಹುಬ್ಬಳ್ಳಿಯ ಆಚೆ ಕಾಲಿಟ್ಟವಳಲ್ಲ.

ಮೈದುನ ಗಾಬರಿಯಾದ. "ಏ ವೈನಿ, ಮಾತು ಬರದ ದೇಶದಾಗ ಏನ್ ಮಾಡ್ತಿ ನೀ?"

"ನನ್ನ ಗಂಡನ್ನ ಮಾತಾಡ್ಸಾಕ ನನ್ನ ಮಾತ ಸಾಕು," ಎಂದಳು.

ಪಾಸ್‌ಪೋರ್ಟು ಬರುವಷ್ಟರಲ್ಲಿ ಇಪ್ಪತ್ತು ದಿನ ಕಳೆಯಿತು. ಆಮೇಲೆ ಎಲ್ಲವೂ ಕನಸಿನಲ್ಲಿ ನಡೆದ ಹಾಗೆ ನಡೆಯಿತು. ವಿಮಾನದ ಕಿಟಕಿಯ ಕೆಳಗೆ ಮೋಡಗಳು ಹಿಂಜಿಟ್ಟ ಉಣ್ಣೆಯಂತೆ ಹರಡಿಕೊಂಡಿದ್ದವು. ನನ್ನ ಬಳಗವೆಲ್ಲ ಅಲ್ಲಿ ಬಂದು ಮಲಗಿದೆಯೇನೋ ಅನ್ನಿಸಿತು ನನಗೆ. ಗುತ್ತೆವ್ವ ಹೊರಗೆ ನೋಡಲೇ ಇಲ್ಲ.

ಇಸ್ತಾಂಬುಲ್ಲಿನಲ್ಲಿ ಇಳಿದಾಗ ಬೆಳಗಿನ ಹೊತ್ತು. ಹೊರಗೆ ಹಿಮ ಬೀಳುತ್ತಿತ್ತು. ಕರೆದೊಯ್ಯಲು ಒಬ್ಬ ಬರುತ್ತಾನೆ, ಅವನ ಕೈಯಲ್ಲಿ ನಿಮ್ಮ ಹೆಸರಿನ ಹಲಗೆ ಇರುತ್ತದೆ ಎಂದು ಏಜೆಂಟು ಹೇಳಿದ್ದ. ಯಾರೂ ಬರಲಿಲ್ಲ. ಹಿಮಕ್ಕೆ ದಾರಿ ಕಟ್ಟಿತ್ತೋ, ಅವನಿಗೆ ಮರೆತಿತ್ತೋ, ಇಂದಿಗೂ ಗೊತ್ತಿಲ್ಲ. ಗುತ್ತೆವ್ವ ನನ್ನನ್ನು ತಲೆತುಂಬ ಹೊದ್ದು ಒಂದು ಕಂಬದ ಬುಡದಲ್ಲಿ ಕುಳಿತಳು. ಬೂಟುಗಳು ಹೋದವು, ಪೆಟ್ಟಿಗೆಯ ಗಾಲಿಗಳು ಹೋದವು.

ಕೊನೆಗೆ ನೆಲ ಒರೆಸುವ ಕೋಲೊಂದು ನಮ್ಮ ಮುಂದೆ ಬಂದು ನಿಂತಿತು. ಕೋಲು ಹಿಡಿದವಳು ಎತ್ತರದ ಹೆಂಗಸು, ಹೆಸರು ಸೆವಿಮ್. ಎದೆಗೆ ಸಿಕ್ಕಿಸಿಕೊಂಡ ಬಿಲ್ಲೆಯ ಮೇಲೆ ಬರೆದಿತ್ತು. ಅವಳು ಏನೋ ಕೇಳಿದಳು. ಗುತ್ತೆವ್ವ ಆಸ್ಪತ್ರೆಯ ವಿಳಾಸದ ಚೀಟಿ ತೋರಿಸಿ ಕನ್ನಡದಲ್ಲೇ ಹೇಳಿದಳು: "ನನ್ನ ಗಂಡ ಅದಾನ್ರಿ ಅಲ್ಲಿ. ಒಬ್ಬನ ಅದಾನು."

ಸೆವಿಮ್ ಚೀಟಿ ಓದಿದಳು. ಪಕ್ಕದಲ್ಲಿ ಕುಳಿತು ತನ್ನ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ, ಹಿಡಿ ತುಂಬ ಕಪ್ಪು ಕಾಯಿ ಕೊಟ್ಟಳು. ನೇರಳೆ ಹಣ್ಣೆಂದು ಗುತ್ತೆವ್ವ ಬಾಯಿಗೆ ಹಾಕಿಕೊಂಡರೆ ಅದು ಉಪ್ಪಿನಲ್ಲಿ ನೆನೆಸಿದ ಆಲಿವ್ ಕಾಯಿ! ಅವಳ ಮುಖ ನೋಡಿ ಸೆವಿಮ್ ನಕ್ಕಳು. ಗುತ್ತೆವ್ವನೂ ನಕ್ಕಳು. ಹಾಗೆ ನಗುತ್ತಲೇ ಅಳತೊಡಗಿದಳು.

ರಾತ್ರಿ ಪಾಳಿಯ ಕೆಲಸ ಮುಗಿದ ಮೇಲೆ ಸೆವಿಮ್ ಮನೆಗೆ ಹೋಗಲಿಲ್ಲ. ಗುತ್ತೆವ್ವನ ಗಂಟನ್ನು ತಾನೇ ಎತ್ತಿಕೊಂಡು, ಎರಡು ಬಸ್ಸು ಬದಲಿಸಿ, ದೂರದ ಊರುಗಳಿಗೆ ಬಸ್ಸು ಹೊರಡುವ ನಿಲ್ದಾಣಕ್ಕೆ ಕರೆತಂದಳು. ಆ ಬಂದರಿನ ಊರಿಗೆ ಹೋಗುವ ಬಸ್ಸಿನ ಒಳಗೆಲ್ಲ ಕಣ್ಣಾಡಿಸಿ, ಹೂವಿನ ರುಮಾಲು ಕಟ್ಟಿದ್ದ ಒಬ್ಬ ಮುದುಕಿಯನ್ನು ಆರಿಸಿದಳು. ಗುತ್ತೆವ್ವನ ಕೈಯನ್ನೂ ವಿಳಾಸದ ಚೀಟಿಯನ್ನೂ ಆ ಮುದುಕಿಯ ಕೈಯಲ್ಲಿಟ್ಟು ಒಂದೇ ಮಾತು ಹೇಳಿದಳು: "ಎಮಾನೆತ್."

ಗುತ್ತೆವ್ವ ತಟ್ಟನೆ ತಲೆಯೆತ್ತಿದಳು. ನಮ್ಮ ಓಣಿಯ ಹುಸೇನಬಿ ಊರಿಗೆ ಹೋಗುವಾಗಲೆಲ್ಲ ಮನೆಯ ಕೀಲಿಯನ್ನು ಗುತ್ತೆವ್ವನ ಕೈಗಿತ್ತು "ಅಮಾನತ್ ಐತಿ ನೋಡವಾ" ಅನ್ನುತ್ತಿದ್ದಳು. ತಿರುಗಿ ಕೇಳುವವರೆಗೆ ಜೋಪಾನ ಮಾಡಬೇಕಾದದ್ದು. ಆ ದೇಶದಲ್ಲಿ ಅವಳಿಗೆ ಅರ್ಥವಾದ ಮೊದಲ ಮಾತು ಅದು. ಹಿಂದಿರುಗಿ ನೋಡಿದರೆ ಸೆವಿಮ್ ಇಳಿದು ಹೋಗಿಯಾಗಿತ್ತು.

ಮುದುಕಿಯ ಹೆಸರು ಗುಲ್ಸುಮ್. ಬಸ್ಸು ಬಿಳಿ ಬೆಟ್ಟಗಳ ನಡುವೆ ಸಾಗುತ್ತಿತ್ತು. ಅವಳು ನನ್ನ ಅಂಚನ್ನು ಚಿವುಟಿದಳು, ಬೆರಳಲ್ಲಿ ಉಜ್ಜಿದಳು, ಮೂಗಿಗೆ ಹಿಡಿದಳು. "ಕೊಯುನ್?" ಎಂದಳು. ಗುತ್ತೆವ್ವನಿಗೆ ತಿಳಿಯಲಿಲ್ಲ. ಆಗ ಆ ಮುದುಕಿ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ "ಮ್ಯಾ...!" ಎಂದು ಕೂಗಿದಳು.

"ಹೂನ್ರಿ ಯವ್ವಾ, ಕುರಿ! ಕುರಿದ!" ಎಂದಳು ಗುತ್ತೆವ್ವ. ಅವಳೂ ಒಮ್ಮೆ "ಮ್ಯಾ" ಎಂದಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ನನ್ನೊಳಗಿನ ಹತ್ತಾರು ಕುರಿಗಳೂ ಆಗ ಓಗೊಟ್ಟವು ಎಂದರೆ ನೀವು ನಂಬಬೇಕಾಗಿಲ್ಲ.

ಮಧ್ಯಾಹ್ನ ಗುತ್ತೆವ್ವ ಮುದುಕಿಯ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದಳು. ಎಷ್ಟೋ ದಿನಗಳ ನಿದ್ದೆ ಅದು. ಒಂದು ಊರಿನಲ್ಲಿ ಬಸ್ಸು ನಿಂತು ಕಂಡಕ್ಟರು ಕೂಗಿದ. ಗುಲ್ಸುಮ್ ಅರ್ಧ ಎದ್ದಳು. ಪಕ್ಕದಲ್ಲಿ ಮಲಗಿದವಳನ್ನು ನೋಡಿದಳು. ಮತ್ತೆ ಕುಳಿತು, ಕಂಡಕ್ಟರಿಗೆ ಇಲ್ಲವೆಂದು ತಲೆಯಾಡಿಸಿ, ನನ್ನನ್ನು ಗುತ್ತೆವ್ವನ ಕುತ್ತಿಗೆಯವರೆಗೆ ಎಳೆದಳು.

ಅದೇಕೆಂದು ಆಗ ನನಗೆ ತಿಳಿಯಲಿಲ್ಲ. ಆ ಭಾಷೆ ಕಲಿತ ಮೇಲೆ ತಿಳಿಯಿತು. ಅದು ಅವಳ ಊರು. ಜರ್ಮನಿಯ ಗಣಿಯಲ್ಲಿ ದುಡಿಯುತ್ತಿದ್ದ ಮಗ ರೆಫಿಕ್ ನಾಲ್ಕು ವರ್ಷದ ಮೇಲೆ, ಮೂರೇ ದಿನಕ್ಕೆಂದು, ಹೇಳದೆ ಬಂದಿದ್ದ. ತಂಗಿಯ ಮನೆಯಲ್ಲಿದ್ದ ಅವಳು ಸುದ್ದಿ ಕೇಳಿ ಓಡಿ ಬರುತ್ತಿದ್ದಳು. ಆ ಮೂರು ದಿನದಲ್ಲಿ ಒಂದನ್ನು ಅವಳು ಬಸ್ಸಿನಲ್ಲೇ ನಮಗೆ ಕೊಟ್ಟುಬಿಟ್ಟಳು.

ಆಸ್ಪತ್ರೆ ಗುಡ್ಡದ ಮೇಲಿತ್ತು. ಇಬ್ಬರೂ ಕೈ ಕೈ ಹಿಡಿದು ಹಿಮದಲ್ಲಿ ಹತ್ತಿದರು. ಕೆಳಗೆ ಸಮುದ್ರ ಸೀಸದ ಬಣ್ಣಕ್ಕೆ ತಿರುಗಿತ್ತು. ಮೈಲಾರಪ್ಪ ಕಿಟಕಿಯ ಪಕ್ಕದ ಮಂಚದಲ್ಲಿದ್ದ. ಅರ್ಧ ಮುಖ ಜೋತುಬಿದ್ದಿತ್ತು. ಹಡಗಿನಿಂದ ಇಳಿಸಿದಾಗಿನಿಂದ ಅವನು ಬಾಯಿ ಬಿಟ್ಟಿರಲಿಲ್ಲ. ಕಣ್ಣು ತೆರೆದರೂ ಯಾರನ್ನೂ ನೋಡುತ್ತಿರಲಿಲ್ಲ.

"ನಾ ಬಂದೇನ್ರಿ," ಎಂದಳು ಗುತ್ತೆವ್ವ. "ಇತ್ತಾಗ ನೋಡ್ರಿ."

ಅವನು ನೋಡಲಿಲ್ಲ. ಅವಳು ನನ್ನನ್ನು ಬಿಚ್ಚಿ ಅವನ ಮೇಲೆ ಹೊದಿಸಿದಳು. ನರ್ಸು ಬೇಡವೆಂದು ಕೈಯಾಡಿಸುತ್ತ ಬಂದಳು. ಗುಲ್ಸುಮ್ ಅವಳ ಎದುರು ನಿಂತು ಮೆಲ್ಲಗೆ, ಬಹಳ ಹೊತ್ತು, ಏನೋ ಹೇಳಿದಳು. ನರ್ಸು ಹೊರಟುಹೋದಳು.

ಹಿಮದಲ್ಲಿ ನಾನು ಒದ್ದೆಯಾಗಿದ್ದೆ. ಒದ್ದೆ ಉಣ್ಣೆಯ ವಾಸನೆ ನಿಮಗೆ ಗೊತ್ತಿರಬಹುದು. ಅದು ಮೆಲ್ಲಗೆ ಎದ್ದು ಅವನ ಮೂಗಿಗೆ ಹೋಯಿತು. ಅವನ ಉಸಿರು ಒಮ್ಮೆ ತಡೆಯಿತು. ಬಾಯಿಯ ಒಂದು ತುದಿ ಅಲುಗಿತು.

"ಮಳಿ... ಬಂತೇನ?"

ಗುತ್ತೆವ್ವ ಅವನ ಎದೆಯ ಮೇಲೆ, ಅಂದರೆ ನನ್ನ ಮೇಲೆ, ಮುಖ ಇಟ್ಟಳು. "ಹೂಂ. ಬಂತು. ಚಲೋ ಮಳಿ ಬಂತು."

ಪಕ್ಕದ ಮಂಚದವರು, ಅವರನ್ನು ನೋಡಲು ಬಂದವರು, ಎಲ್ಲರೂ ಒಬ್ಬೊಬ್ಬರಾಗಿ "ಗೆಚ್ಮಿಶ್ ಓಲ್ಸುನ್" ಎಂದರು. ಕಾಯಿಲೆಯವರಿಗೆ ಅಲ್ಲಿ ಎಲ್ಲರೂ ಹೇಳುವ ಮಾತು. ಇದು ಕಳೆದುಹೋಗಲಿ ಎಂದು ಅರ್ಥ.

ರಾತ್ರಿ ಆಸ್ಪತ್ರೆಯಿಂದ ಗುಲ್ಸುಮ್ ಮನೆಗೆ ಫೋನು ಮಾಡಿಸಿದ್ದಳು. ಮರುದಿನ ಬೆಳಿಗ್ಗೆ ರೆಫಿಕ್ ಬಿಸಿ ಸಾರಿನ ಪಾತ್ರೆ ಹಿಡಿದು ತಾಯಿಯನ್ನು ಹುಡುಕಿಕೊಂಡು ಬಂದ. ಬಾಗಿಲಲ್ಲಿ ನಿಂತಾಗ ಅವನ ಮುಖದಲ್ಲಿ ಸಿಟ್ಟಿತ್ತು. ಒಳಗೆ ಗುತ್ತೆವ್ವ ಗಂಡನ ಬಾಯಿಗೆ ಹನಿ ಹನಿ ನೀರು ಬಿಡುತ್ತಿದ್ದಳು. ಅವನು ಚಮಚ ಹುಡುಕತೊಡಗಿದ.

ನಲವತ್ತು ದಿನ ನಾವು ಅಲ್ಲಿದ್ದೆವು. ಶುಕ್ರವಾರ ತಪ್ಪದೆ ಗುಲ್ಸುಮ್ ಬಸ್ಸಿಳಿದು ಬರುತ್ತಿದ್ದಳು. ಮೈಲಾರಪ್ಪ ಮೊದಲು ಕುಳಿತ, ಆಮೇಲೆ ನಿಂತ, ಹೊರಡುವ ವಾರ ಹೆಂಡತಿಯ ಹೆಗಲು ಹಿಡಿದು ಕಿಟಕಿಯವರೆಗೆ ನಡೆದ. ಊರಿಗೆ ಮರಳುವ ದಿನ ಗುತ್ತೆವ್ವ ನನ್ನನ್ನು ನಾಲ್ಕು ಮಡಿಕೆ ಮಾಡಿ ಮುದುಕಿಯ ತೊಡೆಯ ಮೇಲಿಟ್ಟಳು. ಅವಳು ಬೇಡವೆಂದಳು.

"ಇಟ್ಕೋ ಯವ್ವಾ. ನಿನಗ ಥಂಡಿ ಭಾಳ," ಎಂದಳು ಗುತ್ತೆವ್ವ. ಗುಲ್ಸುಮ್‌ಗೆ ಒಂದು ಮಾತೂ ತಿಳಿಯಲಿಲ್ಲ, ಆದರೆ ಇಟ್ಟುಕೊಂಡಳು. ನನ್ನ ಗುತ್ತೆವ್ವನನ್ನು ನಾನು ನೋಡಿದ್ದು ಅದೇ ಕೊನೆ.

ಹೊಸ ಮನೆಯಲ್ಲಿ ಮೊದಮೊದಲು ನನಗೂ ಏನೂ ತಿಳಿಯಲಿಲ್ಲ. ಸೌದೆ ಒಲೆಯ ಹೊಗೆ ಬೇರೆ, ಹಾಡು ಬೇರೆ. ಮೆಲ್ಲಗೆ ಮಾತು ಕಲಿತೆ. ವರ್ಷಗಳು ಹೋದವು. ನುಸಿ ನನ್ನಲ್ಲಿ ಅಲ್ಲಲ್ಲಿ ತೂತು ಮಾಡಿತು. ಗುಲ್ಸುಮ್ ತೀರಾ ಮುದುಕಿಯಾಗಿ ಕಿಟಕಿಯ ಪಕ್ಕದ ದಿವಾನಿನ ಮೇಲೇ ಇರತೊಡಗಿದಳು. ಆಗ ನನ್ನನ್ನು ಮೊಣಕಾಲಿಗೆ ಹೊದ್ದು ಮಾತಾಡುತ್ತಿದ್ದಳು. ನಲವತ್ತು ದಿನದಲ್ಲಿ ಗುತ್ತೆವ್ವನನ್ನು ಕೇಳಲಾಗದೆ ಉಳಿದ ಮಾತುಗಳನ್ನೆಲ್ಲ ನನ್ನನ್ನು ಕೇಳುತ್ತಿದ್ದಳು. ಅವಳ ತಾಯಿ ಇದ್ದಳೇ? ಅವಳ ಊರಲ್ಲಿ ನದಿ ಇತ್ತೇ? ಅಷ್ಟು ದೂರ ಒಬ್ಬಳೇ ಬರುವಾಗ ಆ ಹುಡುಗಿಗೆ ಹೆದರಿಕೆಯಾಗಲಿಲ್ಲವೇ?

ಎಲ್ಲದಕ್ಕೂ ನನ್ನಲ್ಲಿ ಉತ್ತರವಿತ್ತು, ಬಾಯಿ ಇರಲಿಲ್ಲ.

ಒಂದು ಸಂಜೆ ಅವಳ ಬೆರಳು ನನ್ನ ಒಂದು ಮೂಲೆಗೆ ಬಂದು ನಿಂತಿತು. ಅಲ್ಲಿ ನನ್ನ ಎಳೆಗಳು ಒಂದಕ್ಕೊಂದು ಹೆಣೆದು ಗಟ್ಟಿಯಾಗಿ ಹೋಗಿವೆ. ಬೆವರಿದ ಅಂಗೈಯಲ್ಲಿ ಗಂಟೆಗಟ್ಟಲೆ ಹಿಂಡಿದರೆ ಉಣ್ಣೆ ಹಾಗಾಗುತ್ತದೆ. ವಿಮಾನ ಏರಿದಾಗಿನಿಂದ ಇಳಿಯುವವರೆಗೆ ಗುತ್ತೆವ್ವ ಹಿಡಿದುಕೊಂಡಿದ್ದ ಮೂಲೆ ಅದು. ಕುರಿಗಳ ನಡುವೆ ಬೆಳೆದ ಮುದುಕಿಗೆ ಉಣ್ಣೆಯ ಗುಣ ಗೊತ್ತಿತ್ತು. ಗಂಟನ್ನು ತಿರುಗಿಸಿ ತಿರುಗಿಸಿ ಮುಟ್ಟಿದಳು. ಆಮೇಲೆ ಅದನ್ನು ತನ್ನ ಮುಷ್ಟಿಯೊಳಗೆ ಇಟ್ಟುಕೊಂಡಳು. ಅವಳ ಮುಷ್ಟಿ ಅಲ್ಲಿ ಸರಿಯಾಗಿ ಕೂತಿತು.

"ಅಯ್ಯೋ ಮಗಳೇ," ಎಂದಳು ತನ್ನ ಭಾಷೆಯಲ್ಲಿ, "ಇಷ್ಟು ಹೆದರಿದ್ದೆಯಾ?"

ಹೊರಗೆ ಹಿಮ ಬೀಳುತ್ತಿತ್ತು. ಅವಳು ಬಹಳ ಹೊತ್ತು ಆ ಮೂಲೆಯನ್ನು ಸವರುತ್ತ ಕುಳಿತಳು.