ಶೇಖಮ್ಮನ ದಾಖಲಾತಿ

ನೆನೆದ ಉಣ್ಣೆಯ ವಾಸನೆ, ಹೆಗಲ ಮೇಲಿನ ಕಂಬಳಿಯದು, ಕುರಿ ಬಿಟ್ಟು ನೇರ ಶಾಲೆಗೇ ಬಂದಿರಬೇಕು ಇವನು, ಬಾಲಪ್ಪ, ದೇವಾಪುರದ ಕಡೆಯವನು, ಪಕ್ಕದಲ್ಲಿ ಮಗಳು, ಒಂದನೇ ತರಗತಿಗೆ, ದಾಖಲಾತಿ ಪುಸ್ತಕ ತೆರೆದಿದ್ದೇನೆ, ಹೆಸರೇನವ್ವ ಅಂದೆ, ಶೇಖಮ್ಮ ಅಂದಳು, ಎಷ್ಟು ಗಟ್ಟಿಯಾಗಿ ಎಂದರೆ ಅಂಗಳದಲ್ಲಿ ಬಿಸಿಯೂಟದ ಅಕ್ಕಿ ಆರಿಸುತ್ತಿದ್ದ ಚಮನಬೀ ತಲೆಯೆತ್ತಿ ನಕ್ಕಳು, ಅಯ್ಯ ನನ್ನ ಗಿಣೀ, ಮೈಕ್ ನುಂಗ್ಯಾಳೇನ್ರಿ ಟೀಚರ್ ಇಕಿ, ಮತ್ತು ನನ್ನ ಬೆನ್ನು ತಂತಾನೇ ನೆಟ್ಟಗಾಯಿತು, ಯಾರೋ ನನ್ನನ್ನೇ ಕರೆದ ಹಾಗೆ. ಮೂವತ್ತು ವರ್ಷವಾಯಿತು ಆ ಹೆಸರಿಗೆ ಓಗೊಟ್ಟು — ಇಲ್ಲ, ಸುಳ್ಳು, ಅವ್ವನ ಫೋನಿಗೆ ಓಗೊಡುತ್ತೇನೆ, ಶೇಖೀ ಉಂಡೀ ಏನ ಅನ್ನುತ್ತಾಳೆ, ಅದಕ್ಕೇ ಫೋನಿನ ದನಿ ತಗ್ಗಿಸಿಟ್ಟಿರುತ್ತೇನೆ, ಸ್ಟಾಫ್ ರೂಮಿನಲ್ಲಿ ಯಾರಿಗೂ ಕೇಳಿಸಬಾರದು, ಅಲ್ಲಿ ನಾನು ಕಲ್ಪನಾ ಮೇಡಂ. ಬಾಲಪ್ಪ ಮಗಳ ತಲೆಗೆ ಮೆಲ್ಲಗೆ ಮೊಟಕುತ್ತಾನೆ, ಅದು ಮನ್ಯಾಗಿನ ಹೆಸರ್ರಿ, ನಮ್ಮವ್ವ ಗೋಗಿ ದರ್ಗಾಕ್ಕ ಹರಕಿ ಹೊತ್ತು ಇಟ್ಟಾಳ, ನೀವು ಬ್ಯಾರೆ ಒಂದು ಬರೀರಿ. ಯಾಕೆ ಎಂದೆ, ಗೊತ್ತಿಲ್ಲದವಳಂತೆ. ಜಮಾನಾ ಛಲೋ ಇಲ್ಲರಿ, ಕಟ್ಟಿ ಮ್ಯಾಲಿನ ಹುಡುಗ್ರು ಕೇಳಾಕತ್ತಾರ, ಅವರ ಹೆಸರು ನಿಮಗ್ಯಾಕಲೇ ಬಾಲ್ಯಾ ಅಂತ.

ಅವರ ಹೆಸರು. ನನ್ನಜ್ಜಿಯೂ ಶೇಖಮ್ಮ, ಅವಳಿಗಿಂತ ಮುಂಚಿನ ಎರಡು ಕೂಸು ಸತ್ತಿದ್ದವು, ಇವಳನ್ನು ಅದೇ ದರ್ಗಾದ ಹೊಸ್ತಿಲ ಮೇಲೆ ಮಲಗಿಸಿ, ಸಕ್ಕರೆ ಹಂಚಿ ಹೆಸರಿಟ್ಟರು, ಉಳಿದಳು, ಆಗ ಅದು ಅವರದೂ ಅಲ್ಲ ಇವರದೂ ಅಲ್ಲ, ಬದುಕಿದ ಕೂಸಿನ ಹೆಸರು. ಅಜ್ಜಿ ಸತ್ತ ವರ್ಷ ನಾನು ಹುಟ್ಟಿದೆ, ಹೆಸರು ನನಗೆ ಬಂತು, ಆರು ವರ್ಷ ಇತ್ತು, ಆಮೇಲೆ ಶಾಲೆ, ರಂಗಣ್ಣ ಮಾಸ್ತರರು ಕನ್ನಡಕದ ಮೇಲಿಂದ ನೋಡುತ್ತಾರೆ, ಶೇಖಮ್ಮ ಅಂದ್ರ ಕುರಿ ಕಾಯೋ ಹೆಸರವ್ವ, ಓದೋ ಹೆಸರು ಇಡೂಣು ತಗಿ, ಕಲ್ಪನಾ — ಒಳ್ಳೆಯವರು, ಬಳಪ ಕೊಟ್ಟು ಕೈ ಹಿಡಿದು ತಿದ್ದಿಸಿದವರು, ಅವರಿಂದಲೇ ಯಾದಗಿರಿಯ ಕಾಲೇಜಿನವರೆಗೆ ಓದಿದೆ, ಅವರನ್ನು ಹೇಗೆ ಬೈಯಲಿ. ಅಪ್ಪ ಕೈ ಮುಗಿದಿದ್ದ, ಈ ಬಾಲಪ್ಪನಿಗಿಂತ ಬಾಗಿ. ಮದುವೆಯಲ್ಲಿ ಅತ್ತೆ ಅವ್ವನನ್ನು ಒಳಗೆ ಕರೆದು, ಬೀಗತೀ, ಮಂದಿ ಮುಂದ ಆ ಹೆಸರು ಹಿಡದು ಕರೀಬ್ಯಾಡ್ರಿ ಅಂದಳು, ಅವ್ವ ಹೂಂ ಅಂದಳು, ನಾನೂ ತಲೆಯಾಡಿಸಿದೆ, ಈಗ ತವರಿಗೆ ಹೋಗುವಾಗ ಆಟೋ ದರ್ಗಾದ ಮುಂದೆ ಹಾಯ್ದರೆ ಮೊಬೈಲು ನೋಡುತ್ತೇನೆ, ಅತ್ತ ನೋಡಬೇಡ ಎಂದು ಯಾರೂ ಹೇಳಿಲ್ಲ, ಬೇಡವೆಂದದ್ದು ನಾನೋ, ಮಾಸ್ತರರೋ, ಅತ್ತೆಯೋ, ಬೇರೆ ಬೇರೆ ಮಾಡಿ ನೋಡಲು ಹೋದರೆ ಬಿಡಿಸಲಾಗುವುದಿಲ್ಲ.

ನನ್ನ ಹೆಸರೂ ಶೇಖಮ್ಮನೇ ಬಾಲಪ್ಪ, ಅಷ್ಟು ಹೇಳಿದರೆ ಸಾಕು, ಒಪ್ಪಿಯಾನು, ಮೇಡಂ ಹೆಸರೇ ಅದಾದ್ರ ನನ್ನ ಮಗಳದ್ದೂ ಇರಲೇಳ್ರಿ ಅಂದಾನು, ಆದರೆ ಮಾತು ಸಂಜೆಗೆ ಊರಿಗೆ, ನಾಳೆಗೆ ಸ್ಟಾಫ್ ರೂಮಿಗೆ, ನಾಡಿದ್ದು ಸುರಪುರದ ನಮ್ಮ ಓಣಿಗೆ, ಗಂಡ ಪರಶುರಾಮನಿಗೆ ಗೊತ್ತಿರುವುದೇ, ಆದರೂ ತಟ್ಟೆ ಸರಿಸಿ, ಮುಚ್ಚಿದ್ದನ್ನ ಯಾಕ ತಗದಿ ಅಂದಾನು. ಅವನು ಕೊಟ್ಟ ಹುಡುಗಿಯ ಜನನ ಪ್ರಮಾಣಪತ್ರ ತಿರುವಿ ನೋಡುತ್ತೇನೆ, ಅದಾದರೂ ನನ್ನ ಪರವಾಗಿ ಹೇಳಲಿ ಎಂದು, ಹೆಸರಿನ ಜಾಗದಲ್ಲಿ ಹೆಣ್ಣು ಮಗು ಎಂದಷ್ಟೇ ಇದೆ. ಆಧಾರ್ ಮಾಡಿಸಿಲ್ಲರಿ, ನೀವು ಬರದಂಗ ಅದರಾಗೂ ಬರಸ್ತೇನಿ, ಎಲ್ಲಾ ನಿಮ್ಮ ಕೈಯಾಗ ಐತಿ. ಪೆನ್ನಿನ ಮುಚ್ಚಳ ತೆಗೆಯುತ್ತೇನೆ. ಮತ್ತೆ ಯಾವುದು ಬರೆಯಲಿ ಎಂದು ಕೇಳಿದವಳು ನಾನೇ. ನಿಮ್ಮದೇ ಬರೀರಿ ಮೇಡಂ, ನಿಮ್ಮಂಗ ಆಗಲಿ, ನಗುತ್ತಾನೆ, ನಿಮ್ಮದೇ, ಈಗ ಹೇಳು, ಈಗಲಾದರೂ, ಬಾಯಿ ತೆರೆದೆ, ಇವಳಜ್ಜಿ ಇಟ್ಟ ಹೆಸರು ಅಂದೆ, ಅಷ್ಟೇ ಅಂದೆ, ಮುದಕಿ ಏನಂತಾಳ್ರಿ, ಮನ್ಯಾಗ ಕರಕೋತ ಕುಂದರ್ಲಿ, ಅವನು ಹೇಳಿ ಮುಗಿಸುವುದರೊಳಗೆ ಬರೆದಿದ್ದೇನೆ, ಕಲ್ಪನಾ, ದುಂಡಗೆ, ದೀರ್ಘವನ್ನೂ ಬಿಡದೆ, ಬಾಲಪ್ಪ ಹೆಬ್ಬೆಟ್ಟು ಒತ್ತಿದ, ಕೈ ಮುಗಿದ, ಹೋದ. ಹೋಗವ್ವ, ಹಿಂದಿನ ಸಾಲಿನಲ್ಲಿ ಜಾಗ ಇದೆ ಎಂದೆ, ಹೋಗಿ ಗೋಡೆಗೆ ಒರಗಿ ಕೂತಳು, ಹಾಜರಿ ಕೂಗುತ್ತ ಬಂದೆ, ಪವಿತ್ರಾ, ಹಾಜರ್, ಕಡೆಯದು, ಈಗಷ್ಟೇ ಸೇರಿಸಿದ್ದು, ಕಲ್ಪನಾ, ಅವಳು ಹಿಂದಕ್ಕೆ ತಿರುಗಿದಳು, ಯಾರನ್ನು ಕರೆದರೋ ಎಂದು, ಹಿಂದೆ ಗೋಡೆ, ಕಲ್ಪನಾ, ಇನ್ನೂ ಮೆಲ್ಲಗೆ ಅಂದೆ, ಮತ್ತೆ ತಿರುಗಿ ಗೋಡೆ ನೋಡುತ್ತಾಳೆ, ಕಲ್ಪನಾ — ಗೋಡೆ ನೋಡುತ್ತಾಳೆ